ಫ್ಯಾನ್ ತಿರುಗುವಾಗ ಅಡಗುವ ಸೀಟಿ

ಪ್ರಶ್ನೆ: ನನಗೆ 58 ವರ್ಷ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ 26 ವರ್ಷ ಮಷಿನ್ ನೋಡಿಕೊಂಡಿದ್ದೆ, ಹೋದ ವರ್ಷ ಬಿಟ್ಟೆ. ನಾಲ್ಕು ವರ್ಷದಿಂದ ಎರಡೂ ಕಿವಿಯಲ್ಲಿ ಸದ್ದು. ದೂರದ ಮನ್ಯಾಗ ಕುಕ್ಕರ್ ಸೀಟಿ ಹೊಡದಂಗ ಆಗ್ತದ್ರಿ, ನಿಲ್ಲಂಗೇ ಇಲ್ಲ. ರಾತ್ರಿ ಫ್ಯಾನ್ ತಿರುಗುತ್ತಿದ್ದರೆ ನಿದ್ದೆ ಬರುತ್ತದೆ, ಕರೆಂಟ್ ಹೋದರೆ ಎದ್ದು ಕೂರುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲದ ಸದ್ದು ಕೇಳುತ್ತದೆ ಅಂದರೆ ತಲೆ ಕೆಟ್ಟಿದೆ ಅಂತಾರೆ. ಈಗ ದೆಹಲಿಯಲ್ಲಿ ಮಗಳು ಮನೆ ತಗೊಂಡಿದ್ದಾಳೆ, ಮುಂದಿನ ತಿಂಗಳು ವಾಸ್ತುಶಾಂತಿ. ಅಳಿಯ ನಮಗಿಬ್ಬರಿಗೂ ಹೈದರಾಬಾದಿನಿಂದ ವಿಮಾನದ ಟಿಕೆಟ್ ಮಾಡಿಸಿದ್ದಾರೆ. ಹೆಂಡತಿ ಓಣಿಗೆಲ್ಲಾ ಹೇಳಿಕೊಂಡು ಬಂದಿದ್ದಾಳೆ. ಆದರೆ ಕಿವಿ ಸರಿ ಇಲ್ಲದವರು ವಿಮಾನ ಹತ್ತಿದರೆ ಕಿವಿಯ ಪರದೆ ಹರಿಯುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಏನಾದರೂ ನೆಪ ಹೇಳಿ ಅವಳನ್ನು ವಿಮಾನದಲ್ಲಿ ಕಳಿಸಿ, ನಾನು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗಲಾ? ಗುಟ್ಟಾಗಿ ಒಂದು ಟಿಕೆಟ್ ಮಾಡಿಸಿಟ್ಟಿದ್ದೇನೆ, ವೇಟಿಂಗ್ ಇದೆ.
— ಒಬ್ಬ ಓದುಗ, ಕಲಬುರಗಿ

ಅಣ್ಣಾ, ಶರಣು.

ನಿಮ್ಮ ಪತ್ರ ಎರಡು ಸಲ ಓದಿದೆ. ಅರ್ಧ ಉತ್ತರ ನೀವೇ ಬರೆದಿದ್ದೀರಿ. ಫ್ಯಾನ್ ತಿರುಗುತ್ತಿದ್ದರೆ ನಿದ್ದೆ ಬರುತ್ತದೆ ಅಂದಿರಲ್ಲ, ಹೈದರಾಬಾದಿನಿಂದ ದೆಹಲಿವರೆಗಿನ ಎರಡು ಗಂಟೆ ಚಿಲ್ಲರೆ ಹೊತ್ತು ನೀವು ಒಂದು ದೊಡ್ಡ ಫ್ಯಾನಿನ ಪಕ್ಕದಲ್ಲೇ ಕೂತಿರುತ್ತೀರಿ. ಹಾರುವ ವಿಮಾನದೊಳಗೆ ಸುಮಾರು 80ರಿಂದ 85 ಡೆಸಿಬೆಲ್ ಸದ್ದು ಇರುತ್ತದೆ. ಏರಿಳಿತ ಇಲ್ಲದ, ಒಂದೇ ಸಮನೆ ಹೂಂ ಅನ್ನುವ ಸದ್ದು. ನಿಮ್ಮ ಸೀಟಿ ಅದರಲ್ಲಿ ಮುಳುಗಿಹೋಗುವ ಸಾಧ್ಯತೆಯೇ ಜಾಸ್ತಿ. ಮಿಲ್ ಬಿಡುವ ಮುಂಚಿನ ಮೂರು ವರ್ಷ ನೆನಪಿಸಿಕೊಳ್ಳಿ. ಮಷಿನ್ ಓಡುತ್ತಿದ್ದಾಗ ಆ ಸೀಟಿ ಕಾಡಿತ್ತಾ?

ಇನ್ನು ತಲೆ ಕೆಟ್ಟ ಮಾತು. ಇದಕ್ಕೆ ಟಿನಿಟಸ್ ಅಂತ ಹೆಸರಿದೆ. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ದುಡಿದರೆ ಒಳಗಿವಿಯ ಸೂಕ್ಷ್ಮ ಕೋಶಗಳು ಸವೆಯುತ್ತವೆ. ಸದ್ದು ಸರಿಯಾಗಿ ಬರುತ್ತಿಲ್ಲ ಅಂತ ಮೆದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಹಳೇ ರೇಡಿಯೋದಲ್ಲಿ ಸ್ಟೇಷನ್ ಸಿಗದೇ ಇದ್ದಾಗ ವಾಲ್ಯೂಮ್ ಏರಿಸಿದರೆ ಬರೀ ಗರ್ರ್ ಅಂತಿತ್ತಲ್ಲ, ಹಾಗೆ. ಊರಿಗೆಲ್ಲ ಬೇಳೆ ಒಡೆದು ಕೊಟ್ಟ ಕಿವಿ ಅದು. ನಾಚಿಕೆ ಯಾಕೆ?

ನಿಮ್ಮ ಗೆಳೆಯರು ಎರಡು ಬೇರೆ ಬೇರೆ ಸಂಗತಿಯನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ಸೀಟಿ ಹುಟ್ಟುವುದು ಒಳಗಿವಿ ಮತ್ತು ಮೆದುಳಿನ ನಡುವೆ. ವಿಮಾನದಲ್ಲಿ ಕಿವಿ ಕಟ್ಟುವುದು ಪರದೆಯ ಹಿಂದಿನ ನಡುಗಿವಿಯಲ್ಲಿ. ವಿಮಾನ 35 ಸಾವಿರ ಅಡಿ ಮೇಲೆ ಹೋದರೂ ಒಳಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ಊಟಿಯಲ್ಲಿ ನಿಂತಷ್ಟೇ ಇರುತ್ತದೆ. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳ ಇದೆ. ಅದು ಆಗಾಗ ತೆರೆದುಕೊಂಡು ಒಳಗಿನ, ಹೊರಗಿನ ಒತ್ತಡ ಸಮ ಮಾಡುತ್ತದೆ. ಏರುವಾಗ ಅಷ್ಟು ತೊಂದರೆ ಇಲ್ಲ. ಸತಾಯಿಸುವುದು ಇಳಿಯುವಾಗ, ಕೊನೆಯ ಅರ್ಧ ಗಂಟೆ.

ಆ ಅರ್ಧ ಗಂಟೆ ಮಾತ್ರ ನಿದ್ದೆ ಮಾಡಬೇಡಿ. ನಿದ್ದೆಯಲ್ಲಿ ನಾವು ಎಂಜಲು ನುಂಗುವುದು ಕಡಿಮೆ, ನುಂಗದಿದ್ದರೆ ಆ ನಾಳ ತೆರೆಯುವುದಿಲ್ಲ. ಗುಡಿಯಿಂದ ತಂದ ಕಲ್ಲುಸಕ್ಕರೆ ಜೇಬಿನಲ್ಲಿಟ್ಟುಕೊಳ್ಳಿ, ಇಳಿಯಲು ಶುರುವಾದಾಗ ಒಂದೊಂದೇ ಚೀಪಿ. ಆಕಳಿಸಿ. ಆಗಲೂ ಕಿವಿ ಕಟ್ಟಿದರೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಮೆಲ್ಲಗೆ ಅಂದೆ, ಶಂಖ ಊದಿದಂತೆ ಅಲ್ಲ. ತಂಬಾಕು ಅಗಿಯುತ್ತೇನೆ ಅನ್ನಬೇಡಿ, ಅಲ್ಲಿ ಉಗುಳಲು ಜಾಗವಿಲ್ಲ.

ನೆಗಡಿ ಇದ್ದರೆ ಮಾತ್ರ ಹುಷಾರು. ನಾನು ಒಮ್ಮೆ ಮೂಗು ಕಟ್ಟಿಕೊಂಡೇ ವಿಮಾನ ಹತ್ತಿ, ಇಳಿಯುವಾಗ ಗಾಢ ನಿದ್ದೆ ಹೊಡೆದಿದ್ದೆ. ಎಡಗಿವಿ ಎರಡು ದಿನ ಬಾವಿಯೊಳಗೆ ಬಿದ್ದಂತಿತ್ತು, ಫೋನನ್ನು ಬಲಗಿವಿಗೇ ಹಿಡಿಯಬೇಕಾಯಿತು. ತಪ್ಪು ನನ್ನದೇ. ಆ ವಾರ ಜೋರು ನೆಗಡಿಯಾದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ. ಮೂಗಿಗೆ ಸ್ಪ್ರೇ ಕೊಡಬಹುದು. ಬಿಪಿ ಇದ್ದರೆ ಅಂಗಡಿಯಿಂದ ನೆಗಡಿ ಗುಳಿಗೆ ಸುಮ್ನೆ ತಗೊಂಡು ನುಂಗಬೇಡಿ, ಕೆಲವು ಬಿಪಿ ಏರಿಸುತ್ತವೆ.

ನೆಗಡಿ ಇಲ್ಲದಿದ್ದರೂ ಈ ವಾರವೇ ಒಮ್ಮೆ ಕಿವಿ ತೋರಿಸಿ ಬನ್ನಿ. ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಇಎನ್‌ಟಿ, ಅಂದರೆ ಕಿವಿ-ಮೂಗು-ಗಂಟಲು ವಿಭಾಗ ಇದೆ. ನಾಲ್ಕು ವರ್ಷ ಸೀಟಿ ಕೇಳಿಸಿಕೊಂಡು ಒಮ್ಮೆಯೂ ಪರೀಕ್ಷೆ ಮಾಡಿಸಿದ್ದೀನಿ ಅಂತ ನೀವು ಬರೆದಿಲ್ಲ, ಅದೇ ನನಗೆ ಬೇಸರ. ಕಿವಿಯ ಮೇಣ ಗಟ್ಟಿಯಾಗಿ ಕೂತಿದ್ದರೂ ಸದ್ದು ಹೆಚ್ಚುತ್ತದೆ. ಕಿವಿ ಎಷ್ಟು ಕೇಳುತ್ತದೆ ಅಂತಲೂ ಅಳೆಸಿ, ಕೇಳುವ ಮಷಿನ್ ಹಾಕಿಕೊಂಡ ಮೇಲೆ ಸೀಟಿ ತಗ್ಗಿದವರು ಎಷ್ಟೋ ಜನ ಇದ್ದಾರೆ. ಸದ್ದು ನಾಡಿ ಬಡಿದಂತೆ ಬಂದರೆ, ಒಂದೇ ಕಿವಿಯಲ್ಲಿ ಹೆಚ್ಚಿದ್ದರೆ, ಒಮ್ಮೆಲೇ ಕೇಳುವುದು ಕಡಿಮೆಯಾದರೆ ಅದನ್ನು ಮೊದಲು ಹೇಳಿ. ಒಮ್ಮೆಲೇ ಕಿವಿ ಕೇಳದಂತಾದರೆ ಒಂದು ದಿನವೂ ಕಾಯಬಾರದು. ಮತ್ತೆ, ಬೆಳ್ಳುಳ್ಳಿ ಎಣ್ಣೆ ಕಾಸಿ ಹಾಕು ಅನ್ನುವವರು ಓಣಿಗೊಬ್ಬರು ಇರುತ್ತಾರೆ. ಬೇಡ.

ಮೊದಲ ಸಲ ಹತ್ತುವವರಿಗೆ ಕಿವಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸುವುದು ವಿಮಾನದ ಬೇರೆ ಸದ್ದುಗಳು. ಮೇಲೇರಿದ ಸ್ವಲ್ಪ ಹೊತ್ತಿಗೆ ಕಾಲಡಿ ಧಡ್ ಅನ್ನುತ್ತದೆ, ಅದು ಗಾಲಿ ಒಳಗೆ ಹೋಗಿದ್ದು. ಆಮೇಲೆ ಇಂಜಿನ್ನಿನ ಆರ್ಭಟ ಒಮ್ಮೆಲೇ ತಗ್ಗುತ್ತದೆ. ಬಂದ್ ಆಯ್ತೇನೋ ಅಂತ ಎದೆ ಝಲ್ ಅನ್ನುತ್ತದೆ. ಏನೂ ಆಗಿಲ್ಲ, ಪೈಲಟ್ ಜೋರು ಕಡಿಮೆ ಮಾಡಿರುತ್ತಾರೆ. ಇಳಿಯುವ ಮುಂಚೆ ರೆಕ್ಕೆಯ ಕಡೆ ಗಿರಣಿ ತಿರುಗಿದಂತೆ ಗೊರಗೊರ ಸದ್ದು, ನೆಲ ಮುಟ್ಟಿದ ಮೇಲೆ ಕೆಲವು ಕ್ಷಣ ದೊಡ್ಡ ಗರ್ಜನೆ. ಅದು ಬ್ರೇಕಿನ ಹೊತ್ತು. ಇದನ್ನೆಲ್ಲ ಹೆಂಡತಿಗೂ ಹೇಳಿಡಿ, ಪಾಪ, ಅವರಿಗೂ ಮೊದಲ ಸಲವೇ ಇರಬೇಕು.

ಸೀಟು ರೆಕ್ಕೆಗಿಂತ ಮುಂದೆ ಇರಲಿ, ಹಿಂದೆ ಗದ್ದಲ ಜಾಸ್ತಿ. ಅಳಿಯನಿಗೆ ಹೇಳಿದರೆ ಬದಲಾಯಿಸಿ ಕೊಡುತ್ತಾರೆ. ಕಿವಿಗೆ ಹತ್ತಿ ತುರುಕಬೇಡಿ. ಹೊರಗಿನ ಸದ್ದು ಪೂರ್ತಿ ಬಂದ್ ಆದರೆ ಒಳಗಿನದು ಎದ್ದು ಕೂರುತ್ತದೆ, ಕರೆಂಟ್ ಹೋದ ರಾತ್ರಿಯಂತೆ. ತತ್ವಪದವೋ ಮಳೆಯ ಸದ್ದೋ ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೋಗಿ, ಮೇಲೆ ನೆಟ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ವಾಲ್ಯೂಮ್ ಸಣ್ಣಗಿರಲಿ.

ನನಗೆ ನಿಜವಾಗಿ ಚಿಂತೆ ಇರುವುದು ವಿಮಾನದ್ದಲ್ಲ, ದೆಹಲಿಯ ಮೊದಲ ರಾತ್ರಿಯದು. ಹಿಂದಿನ ರಾತ್ರಿ ನಿದ್ದೆಗೆಟ್ಟಿರುತ್ತೀರಿ. ಹೊಸ ಮನೆ, ಗಟ್ಟಿ ಗಾಜಿನ ಕಿಟಕಿ, ಸದ್ದೇ ಇಲ್ಲದ ಕೋಣೆ. ಸೀಟಿ ಎಂದಿಗಿಂತ ಜೋರಾಗಿ ಕೇಳಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮೊದಲಿನಂತಾಗುತ್ತದೆ, ಆಗದಿದ್ದರೆ ಅಲ್ಲೇ ಡಾಕ್ಟರಿಗೆ ತೋರಿಸಿ. ಆ ರಾತ್ರಿಗೆ ನಿಮಗೆ ಬೇಕಾಗಿರುವುದು ಒಂದು ಟೇಬಲ್ ಫ್ಯಾನ್. ತಣ್ಣಗಿನ ಕೋಣೆಯಲ್ಲಿ ಅಪ್ಪ ಫ್ಯಾನ್ ಯಾಕೆ ಕೇಳುತ್ತಾರೆ ಅಂತ ಮಗಳಿಗೆ ಗೊತ್ತಿರಬೇಕಲ್ವಾ?

ಹಾಗಾಗಿ ಮೊದಲು ಹೆಂಡತಿಗೆ ಹೇಳಿ. ಕರೆಂಟ್ ಹೋದಾಗ ನೀವು ಎದ್ದು ಕೂರುವುದನ್ನು ಅವರು ನಾಲ್ಕು ವರ್ಷದಿಂದ ನೋಡಿರುತ್ತಾರೆ, ಕೇಳಿಲ್ಲ ಅಷ್ಟೇ. ಮಗಳ ಮನೆಗೆ ತವರಿನ ಆಯೇರಿ ಹಿಡಿದು ಅವರೊಬ್ಬರೇ ಹೋಗುವುದು, ನೀವು ಮರುದಿನ ರೈಲಿನಿಂದ ಇಳಿದು ಓಡಿ ಬರುವುದು, ಬೀಗರ ಮುಂದೆ ಅದಕ್ಕೆ ಕಾರಣ ಹುಡುಕುವುದು, ಇಷ್ಟೆಲ್ಲಾ ಬೇಕಾ? ಎಲ್ಲ ಕೇಳಿದ ಮೇಲೂ ಮನಸ್ಸು ಒಪ್ಪದಿದ್ದರೆ ರೈಲಿಗೇ ಹೋಗಿ, ಅದರಲ್ಲಿ ತಪ್ಪಿಲ್ಲ. ಆದರೆ ಗುಟ್ಟಾಗಿ ಅಲ್ಲ, ಒಬ್ಬರೇ ಅಲ್ಲ. ಸದ್ಯ ಆ ವೇಟಿಂಗ್ ಟಿಕೆಟ್ ಕ್ಯಾನ್ಸಲ್ ಮಾಡಿ, ಬರುವಾಗ ಬೇಕಾದರೆ ಇಬ್ಬರಿಗೂ ಕರ್ನಾಟಕ ಎಕ್ಸ್‌ಪ್ರೆಸ್ ಮಾಡಿಸಿ.