ಓದುಗರ ಪ್ರಶ್ನೆ: ಆಬ್ಸೆಂಟ್ ಬೇರೆ, ಅಬ್‌ಸ್ಕಾಂಡಿಂಗ್ ಬೇರೆ

ಪ್ರಶ್ನೆ: ಡೆಂಗ್ಯೂ ಆಗಿ ಆಸ್ಪತ್ರೆ ಸೇರಿದ್ದೆ. ಫೋನ್ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ವಾಪಸ್ ಬಂದು ನೋಡಿದರೆ ಆಫೀಸಿನ ಮೇಲ್‌ನಲ್ಲಿ ನನ್ನನ್ನು ‘ಅಬ್‌ಸ್ಕಾಂಡಿಂಗ್’ ಅಂತ ಬರೆದಿದ್ದಾರೆ. ಅದೂ ಆಬ್ಸೆಂಟ್ ಅಂತಲೇ ಅಲ್ವಾ? (ಓದುಗರು, ಬೆಂಗಳೂರು)

ಉತ್ತರ: ಖಂಡಿತ ಅಲ್ಲ. ಆಬ್ಸೆಂಟ್ ಅಂದರೆ ಇಲ್ಲ, ಅಷ್ಟೇ. ಯಾಕಿಲ್ಲ ಅನ್ನೋದನ್ನು ಅದು ಹೇಳೋದಿಲ್ಲ. ಅಬ್‌ಸ್ಕಾಂಡ್ ಅನ್ನೋದು ಬಚ್ಚಿಡು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಸಿಕ್ಕಿಬೀಳಬಾರದು ಅಂತ ಗುಟ್ಟಾಗಿ ಓಡಿಹೋದವರಿಗೆ ಬಳಸುವ ಪದ. ನಮ್ಮ ಪೇಪರಿನಲ್ಲಿ ‘ಆರೋಪಿ ತಲೆಮರೆಸಿಕೊಂಡಿದ್ದಾನೆ’ ಅಂತ ಬರುತ್ತಲ್ಲ, ಅದೇ. ವಾರಂಟ್ ಹೊರಟ ಮೇಲೂ ಸಿಗದೆ ತಿರುಗುವವನಿಗೆ ಕಡೇಪಕ್ಷ 30 ದಿನ ಕೊಟ್ಟು, ಇಂಥ ದಿನ ಇಂಥ ಕಡೆ ಹಾಜರಾಗು ಅಂತ ಕೋರ್ಟು ಪ್ರಕಟಣೆ ಹೊರಡಿಸುತ್ತದೆ. ಮೊದಲು ಅದು ಹಳೇ ಅಪರಾಧ ಪ್ರಕ್ರಿಯಾ ಕಾನೂನಾದ ಸಿಆರ್‌ಪಿಸಿಯ 82ನೇ ಸೆಕ್ಷನ್ ಆಗಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 84. ಅಲ್ಲಿ ಬಳಸುವ ಪದ ಇದು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದವರಿಗೆ ಇದನ್ನು ಅಂಟಿಸೋದು ಅನ್ಯಾಯ.

ನಮ್ಮ ದೇಶದ ಎಚ್‌ಆರ್‌ಗಳಲ್ಲಿ ಇದು ಎಷ್ಟು ರೂಢಿಯಾಗಿದೆ ಅಂದರೆ, ಹೇಳದೆ ಕೇಳದೆ ಕೆಲಸ ಬಿಟ್ಟು ಹೋದವರಿಗೂ ಹೇಳೋಕೆ ಆಗದೆ ಹೋದವರಿಗೂ ಒಂದೇ ಮುದ್ರೆ ಒತ್ತುತ್ತಾರೆ. ಅನುಮತಿ ಇಲ್ಲದ ಗೈರುಹಾಜರಿಗೆ ‘ಅನ್‌ಆಥರೈಸ್ಡ್ ಆಬ್ಸೆನ್ಸ್’ ಅಂತ ಒಳ್ಳೆ ಮಾತಿದೆ. ನೀವು ‘ಐ ವಾಸ್ ಆಬ್ಸೆಂಟ್ ಬಿಕಾಸ್ ಐ ವಾಸ್ ಇನ್ ಹಾಸ್ಪಿಟಲ್’ ಅಂತ ಬರೆದು, ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ, ದಾಖಲೆಯಲ್ಲಿ ಆ ಪದ ತೆಗೆಯಿರಿ ಅಂತ ನೇರವಾಗಿ ಕೇಳಿ. ಮುಂದೆ ಬೇರೆ ಕಂಪನಿಯವರು ವಿಚಾರಿಸಿದಾಗ ಇದೇ ಎದುರಿಗೆ ಬಂದು ನಿಲ್ಲಬಹುದು. ಸುಮ್ನೆ ಬಿಡಬೇಡಿ.

ಪ್ರಶ್ನೆ: ನನ್ನ ತರಗತಿಯ ಮಕ್ಕಳು ‘ಹಿ ಈಸ್ ಲೀವ್’, ‘ಐ ಆಬ್ಸೆಂಟೆಡ್ ಯೆಸ್ಟರ್ಡೇ’ ಅಂತೆಲ್ಲ ಬರೆಯುತ್ತಾರೆ. ಹೇಗೆ ತಿದ್ದಲಿ? (ಶಿಕ್ಷಕಿ, ಚಿಕ್ಕಮಗಳೂರು)

ಉತ್ತರ: ‘ಹಿ ಈಸ್ ಆನ್ ಲೀವ್’, ‘ಐ ವಾಸ್ ಆಬ್ಸೆಂಟ್ ಯೆಸ್ಟರ್ಡೇ’. ಇಷ್ಟು ಹೇಳಿಕೊಟ್ಟರೆ ಸಾಕು. ಕ್ರಿಯಾಪದವಾಗಿ ಬಳಸಲೇಬೇಕಾದರೆ ‘ಐ ಆಬ್ಸೆಂಟೆಡ್ ಮೈಸೆಲ್ಫ್’ ಅನ್ನಬೇಕು, ಆಗ ಒತ್ತು ‘ಸೆಂಟ್’ ಮೇಲೆ ಬೀಳುತ್ತದೆ, ಬೇಕಂತಲೇ ತಪ್ಪಿಸಿಕೊಂಡೆ ಎಂಬ ಅರ್ಥ ಬರುತ್ತದೆ. ಜ್ವರ ಬಂದ ಮಗು ಹಾಗೆ ಬರೆಯೋದು ಬೇಡ. ಚಕ್ಕರ್ ಹೊಡೆಯುವ ಹುಡುಗನಿಗೆ ‘ಟ್ರೂಅಂಟ್’ ಅಂತಾರೆ. ಹಳೇ ಫ್ರೆಂಚಿನಲ್ಲಿ ಅದು ತಿರುಪೆಯವನಿಗೆ ಹೇಳುತ್ತಿದ್ದ ಮಾತು, ಹಾಗಾಗಿ ಮಕ್ಕಳ ವರದಿಯಲ್ಲಿ ಬರೆಯುವ ಮೊದಲು ಯೋಚನೆ ಮಾಡಿ.

ಇನ್ನು ‘ಲೀವ್’. ರಜೆ ಅನ್ನುವ ಲೀವ್‌ಗೆ ಮೂಲ ಅರ್ಥ ಅಪ್ಪಣೆ. ಹೊರಟುಹೋಗು ಅನ್ನುವ ಲೀವ್ ಬೇರೆಯೇ ಪದ. ಕೇಳೋಕೆ ಒಂದೇ ಥರ ಇರೋದರಿಂದ ಕಲಸಿಹೋಗಿವೆ. ಮಿಲಿಟರಿಯವರು ‘ಏವಾಲ್’ ಅನ್ನೋದು ‘ಆಬ್ಸೆಂಟ್ ವಿತೌಟ್ ಲೀವ್’ ಎಂಬುದರ ಚುಟುಕು ರೂಪ, ಅಪ್ಪಣೆ ಇಲ್ಲದೆ ಹೋದವನು ಅಂತ. ಲೀವ್ ಲೆಟರ್ ಅಂದರೂ ಅಪ್ಪಣೆ ಕೇಳುವ ಪತ್ರವೇ. ಮಕ್ಕಳಿಗೆ ಇದನ್ನು ಹೇಳಿ, ‘ಆನ್ ಲೀವ್’ ತಾನಾಗಿ ನೆನಪಿರುತ್ತದೆ.

ಪ್ರಶ್ನೆ: ನನ್ನ ಮಗನಿಗೆ 7 ವರ್ಷ. ಪ್ರೋಗ್ರೆಸ್ ಕಾರ್ಡಿನಲ್ಲಿ ‘ಇನ್‌ಅಟೆಂಟಿವ್’ ಅಂತ ಬರೆದಿದ್ದಾರೆ. ಟ್ಯೂಷನ್ ಮೇಡಂ ‘ಆಬ್ಸೆಂಟ್ ಮೈಂಡೆಡ್’ ಅಂತಾರೆ. ಎರಡೂ ಒಂದೇನಾ? ಊಟ ಮಾಡುತ್ತಾ ಇದ್ದಕ್ಕಿದ್ದಂತೆ ತುತ್ತು ಕೈಯಲ್ಲೇ ಹಿಡಿದು ನೋಡುತ್ತಾ ಕೂರುತ್ತಾನೆ. (ತಾಯಿ, ದಾವಣಗೆರೆ)

ಉತ್ತರ: ಒಂದೇ ಅಲ್ಲ. ಎದುರಿಗೆ ಇರೋದರ ಮೇಲೆ ಗಮನ ಇಡದವನು ಇನ್‌ಅಟೆಂಟಿವ್. ಗಮನ ಇದೆ, ಆದರೆ ಇನ್ನೆಲ್ಲೋ ಇದೆ ಅಂದರೆ ಆಬ್ಸೆಂಟ್ ಮೈಂಡೆಡ್. ಕನ್ನಡಕ ಹಣೆ ಮೇಲೆ ಇಟ್ಟುಕೊಂಡು ಮನೆಯೆಲ್ಲಾ ಹುಡುಕುವವರು ಈ ಜಾತಿ. ಕಿಟಕಿಯಾಚೆ ಬ್ಯಾಂಡ್ ಸದ್ದು ಕೇಳಿ ಪಾಠ ಬಿಟ್ಟವನು ಡಿಸ್ಟ್ರಾಕ್ಟೆಡ್. ಮನೆ ಚಿಂತೆ ಹೊತ್ತು ಕೂತವನು ಪ್ರಿಆಕ್ಯುಪೈಡ್. ಕಾರ್ಡಿನಲ್ಲಿ ಈ ಎಲ್ಲಾ ಮಕ್ಕಳಿಗೂ ಒಂದೇ ಪದ ಬೀಳುತ್ತದೆ ಅನ್ನೋದೇ ನನಗೆ ಬೇಜಾರು.

ಆದರೆ ನೀವು ಬರೆದ ಕೊನೇ ಸಾಲು ಓದಿ, ಪದದ ಮಾತು ಬಿಟ್ಟು ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ‘ಆಬ್ಸೆನ್ಸ್ ಸೀಜರ್’ ಅಂತ ಒಂದಿದೆ. ಒಂದು ಬಗೆಯ ಮೂರ್ಛೆರೋಗ, ಆದರೆ ಬೀಳೋದಿಲ್ಲ, ನೊರೆ ಬರೋದಿಲ್ಲ. ಸಾಮಾನ್ಯವಾಗಿ 4ರಿಂದ 10 ವರ್ಷದ ಒಳಗೆ ಶುರುವಾಗುತ್ತದೆ. ಮಾಡುತ್ತಿದ್ದ ಕೆಲಸ ತಟ್ಟನೆ ನಿಲ್ಲುತ್ತದೆ, ದೃಷ್ಟಿ ಒಂದೇ ಕಡೆ ನೆಡುತ್ತದೆ, ರೆಪ್ಪೆ ಪಟಪಟ ಆಡಬಹುದು, ಕೆಲವೇ ಸೆಕೆಂಡಿನಲ್ಲಿ ಮಗು ಏನೂ ಆಗದ ಹಾಗೆ ಮುಂದುವರಿಯುತ್ತದೆ. ನಡುವೆ ಏನಾಯಿತು ಅಂತ ಅದಕ್ಕೇ ಗೊತ್ತಿರೋದಿಲ್ಲ. ದಿನಕ್ಕೆ ಹತ್ತಾರು ಸಲ ಆಗಬಹುದು. ಪಾಠ ನಡುನಡುವೆ ತುಂಡಾಗುವುದರಿಂದ ಟೀಚರ್ ಕಣ್ಣಿಗೆ ಅದು ಗಮನವಿಲ್ಲದ ಮಗು.

ಹಗಲುಗನಸು ಕಾಣುವ ಮಗುವನ್ನು ಕರೆದು ಭುಜ ಮುಟ್ಟಿದರೆ ಎಚ್ಚೆತ್ತುಕೊಳ್ಳುತ್ತದೆ. ಇದರಲ್ಲಿ ಮುಟ್ಟಿದರೂ ಆ ಕ್ಷಣಕ್ಕೆ ಉತ್ತರ ಬರೋದಿಲ್ಲ. ನಿಮ್ಮ ಮಗನಿಗೆ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಗಾಬರಿ ಬೇಡ. ಹಾಗೆ ಕೂತಾಗ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿ. ಬೇಕಿದ್ದರೆ ಅವರು ಇಇಜಿ ಬರೆಯುತ್ತಾರೆ, ತಲೆಗೆ ವೈರ್ ಅಂಟಿಸಿ ಮಾಡುವ ನೋವಿಲ್ಲದ ಪರೀಕ್ಷೆ. ಇದಾಗಿದ್ದರೆ ಒಳ್ಳೆ ಮಾತ್ರೆಗಳಿವೆ, ತುಂಬಾ ಮಕ್ಕಳಿಗೆ ಬೆಳೆಯುತ್ತಾ ನಿಂತೇಹೋಗುತ್ತದೆ. ಅಲ್ಲಿಯವರೆಗೆ ‘ಗಮನ ಕೊಡು’ ಅಂತ ಬೈಯಬೇಡಿ, ಟ್ಯೂಷನ್ನಿನಲ್ಲೂ ಹೇಳಿಡಿ.

ಪ್ರಶ್ನೆ: ‘ಎಂಪ್ಲಾಯೀ’ ಅಂದರೆ ಬೇರೆಯವರು ಕೆಲಸಕ್ಕೆ ಇಟ್ಟುಕೊಂಡವನು. ಹಾಗಾದರೆ ‘ಆಬ್ಸೆಂಟೀ’? (ಓದುಗರು, ಮಂಡ್ಯ)

ಉತ್ತರ: ತಾನೇ ದೂರ ಇರುವವನು. ಬಾಲ ಒಂದೇ ಆದರೂ ಅರ್ಥ ತಿರುಗಿದೆ, ‘ಎಸ್ಕೇಪೀ’ ಥರ. ಇಂಗ್ಲೆಂಡಿನಲ್ಲಿ ಕೂತು ಐರ್ಲೆಂಡಿನ ಗೇಣಿ ಎಣಿಸುತ್ತಿದ್ದ ಜಮೀನ್ದಾರರಿಂದ ಈ ಪದಕ್ಕೆ ಕೆಟ್ಟ ಹೆಸರು ಬಂತು. ನಮಗೂ ಅವರು ಗೊತ್ತಿಲ್ಲದವರೇನಲ್ಲ. ಹೊಲದಲ್ಲಿ ಕಾಲಿಡದ ಒಡೆಯರಿಗೆ ಗೇಣಿ ಅಳೆದವರು, ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದ ಮೇಲೆ, ಉಳುವ ಹೊಲ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳುವ ಫಾರಂ ನಂ. 7 ತುಂಬಿ ಭೂನ್ಯಾಯಮಂಡಳಿ ಮುಂದೆ ನಿಂತರು. ‘ಆಬ್ಸೆಂಟೀ ಲ್ಯಾಂಡ್‌ಲಾರ್ಡ್’ ಅನ್ನೋದು ನಿಮ್ಮ ಹಿರಿಯರಿಗೆ ಡಿಕ್ಷನರಿ ಇಲ್ಲದೆಯೂ ಅರ್ಥವಾಗುತ್ತದೆ, ಕೇಳಿ ನೋಡಿ.

ಪ್ರಶ್ನೆ: ‘ಐ ಆಮ್ ಔಟ್ ಆಫ್ ಸ್ಟೇಷನ್’ ಅಂದರೆ ಅಮೆರಿಕದ ಕ್ಲೈಂಟಿಗೆ ತಿಳಿಯಲಿಲ್ಲ. ತಪ್ಪಾ? (ಓದುಗರು, ಹುಬ್ಬಳ್ಳಿ)

ಉತ್ತರ: ತಪ್ಪಲ್ಲ, ನಮ್ಮ ಕಡೆಯ ಇಂಗ್ಲಿಷು. ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳೂ ಸೈನ್ಯವೂ ಇರುತ್ತಿದ್ದ ಊರೇ ಸ್ಟೇಷನ್. 1809ರಲ್ಲಿ ಶುರುವಾದ ಬೆಂಗಳೂರು ದಂಡು ಪ್ರದೇಶ, 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ ಬಂದ ಮೇಲೂ ಬ್ರಿಟಿಷರ ಕೈಯಲ್ಲೇ ಉಳಿದು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅನ್ನಿಸಿಕೊಂಡು, 1947ರಲ್ಲಿ ಮೈಸೂರಿಗೆ ಸೇರಿತು. ಅಂಥ ಊರು ಬಿಟ್ಟು ಹೋದವರು ಔಟ್ ಆಫ್ ಸ್ಟೇಷನ್. ನಮ್ಮವರ ಹತ್ತಿರ ಧಾರಾಳವಾಗಿ ಹೇಳಿ. ಅಮೆರಿಕದವರಿಗೆ ಮಾತ್ರ ‘ಔಟ್ ಆಫ್ ಟೌನ್’ ಅನ್ನಿ, ಯಾವತ್ತು ವಾಪಸ್ ಅನ್ನೋದನ್ನೂ ಸೇರಿಸಿ.