ಒಂದು ಟವರ್‌ಗೆ ಕೆಂಪು ದೀಪ, ಇನ್ನೊಂದಕ್ಕೆ ಯಾಕಿಲ್ಲ?

ಪ್ರಶ್ನೆ: ಕೆಲವು ಮೊಬೈಲ್ ಟವರ್‌ಗಳ ತುದಿಯಲ್ಲಿ ರಾತ್ರಿಯೆಲ್ಲ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದ ಟವರ್‌ಗೆ ಏನೂ ಇರುವುದಿಲ್ಲ. ಸಿಗ್ನಲ್‌ಗೂ ಆ ದೀಪಕ್ಕೂ ಸಂಬಂಧ ಇದೆಯಾ?

ಉತ್ತರ: ಸಿಗ್ನಲ್‌ಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಅದು ಏವಿಯೇಷನ್ ಲೈಟ್. ಇರುವುದು ಪೈಲಟ್‌ಗಳಿಗಾಗಿ.

ವಿಮಾನ ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೋಗುವಾಗ ಟವರ್ ಎಲ್ಲಿ ಅಡ್ಡ ಬರುತ್ತದೆ ಅಂತ ಕೇಳಬಹುದು. ಆದರೆ ಅದು ಏರಬೇಕು, ಇಳಿಯಬೇಕು ಅಲ್ವಾ? ಇನ್ನೂ ಜಾಸ್ತಿ ಅಪಾಯ ಹೆಲಿಕಾಪ್ಟರ್‌ಗಳಿಗೆ. ರೋಗಿಯನ್ನು ಕರೆದೊಯ್ಯುವ ಏರ್ ಆಂಬುಲೆನ್ಸ್, ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ಹುಡುಕುವ ಹೆಲಿಕಾಪ್ಟರ್, ಇವೆಲ್ಲ ಕೆಳಮಟ್ಟದಲ್ಲೇ ಹಾರುತ್ತವೆ, ಎಷ್ಟೋ ಸಲ ಕತ್ತಲಲ್ಲೇ. ಟವರ್ ಅಂದರೆ ಬರೀ ಕಬ್ಬಿಣದ ಸರಳುಗಳ ಜಾಲರಿ, ಮಂಜು ಮುಸುಕಿದರೆ ಹಗಲಲ್ಲೂ ಸರಿಯಾಗಿ ಕಾಣುವುದಿಲ್ಲ.

ಯಾವುದಕ್ಕೆ ದೀಪ ಬೇಕು ಅನ್ನುವುದನ್ನು ಎತ್ತರ ಮತ್ತು ಜಾಗ ನೋಡಿ ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ 200 ಅಡಿ, ಅಂದರೆ ಸುಮಾರು 61 ಮೀಟರ್ ದಾಟಿದರೆ ಬೇಕು. ರನ್‌ವೇ ಹತ್ತಿರ ಇದ್ದರೆ ಗಿಡ್ಡ ಟವರ್‌ಗೂ ಬೇಕಾಗಬಹುದು. ಪಕ್ಕದಲ್ಲೇ ಅದಕ್ಕಿಂತ ಎತ್ತರದ, ದೀಪ ಇರುವ ಟವರ್ ಇದ್ದರೆ ಚಿಕ್ಕದಕ್ಕೆ ವಿನಾಯಿತಿ ಸಿಗುವುದೂ ಉಂಟು. ನೀವು ನೋಡಿದ್ದು ಬಹುಶಃ ಇಂಥದ್ದೇ ಜೋಡಿ.

ದೀಪದಲ್ಲೂ ಬಗೆಗಳಿವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ 45 ಮೀಟರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಿನುಗದ ಸಣ್ಣ ಕೆಂಪು ದೀಪ ಸಾಕು. ಅದಕ್ಕಿಂತ ಎತ್ತರದವುಗಳಲ್ಲಿ ನಿಮಿಷಕ್ಕೆ 20ರಿಂದ 60 ಸಲ ಮಿನುಗುವ ದೀಪಗಳಿರುತ್ತವೆ. 150 ಮೀಟರ್ ದಾಟಿದ ಕೆಲವು ಟವರ್‌ಗಳಲ್ಲಿ ಹಗಲಲ್ಲೇ 2,00,000 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಇರುವ ಬಿಳಿ ಬೆಳಕು ಫಕ್ ಫಕ್ ಅಂತ ಹೊಳೆಯುತ್ತದೆ. ಅದನ್ನೇ ರಾತ್ರಿ 2,000ಕ್ಕೆ ಇಳಿಸುತ್ತಾರೆ, ಇಲ್ಲದಿದ್ದರೆ ಪೈಲಟ್ ಕಣ್ಣಿಗೇ ಕುಕ್ಕುತ್ತದೆ. ಕೆಂಪು ಬೆಳಕಿಗೆ ಈ ತೊಂದರೆ ಕಡಿಮೆ, ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಅದು ಅಷ್ಟಾಗಿ ಕೆಡಿಸುವುದಿಲ್ಲ. ಕೆಂಪು-ಬಿಳಿ ಪಟ್ಟೆ ಬಳಿಯುವುದೂ ಸುಮ್ನೆ ಅಂದಕ್ಕಲ್ಲ, ಅದು ಹಗಲಿನ ಗುರುತು.

ನೀವು ಕೇಳದಿದ್ದರೂ ಹಕ್ಕಿಗಳ ವಿಷಯ ಹೇಳಲೇಬೇಕು. ರಾತ್ರಿ ವಲಸೆ ಹೋಗುವ ಹಕ್ಕಿಗಳು, ಅದರಲ್ಲೂ ಮೋಡ ಕವಿದಾಗ, ಮಿನುಗದೆ ಒಂದೇ ಸಮನೆ ಉರಿಯುವ ಕೆಂಪು ದೀಪಕ್ಕೆ ಮರುಳಾಗಿ ಟವರನ್ನೇ ಸುತ್ತುತ್ತಾ, ಅದನ್ನು ಎಳೆದು ಕಟ್ಟಿದ ತಂತಿಗಳಿಗೆ ಬಡಿದು ಸಾಯುತ್ತವೆ. ಮಿನುಗುವ ದೀಪಗಳನ್ನಷ್ಟೇ ಇಟ್ಟರೆ ಈ ಸಾವು ಎಷ್ಟೋ ಕಡಿಮೆ ಅಂತ ಅಧ್ಯಯನಗಳಲ್ಲಿ ಗೊತ್ತಾಯಿತು. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಪೈಲಟ್‌ಗೂ ಕಾಣಬೇಕು, ಹಕ್ಕಿಯೂ ಉಳಿಯಬೇಕು. ಎಲ್ಲ ಕಡೆ ಇದು ಬೇಗ ಜಾರಿಗೆ ಬರಲಿ ಅನ್ನುವುದು ನನ್ನ ಆಸೆ.

ದೀಪ ಕೆಟ್ಟರೆ? ಅದೇ ಅಮೆರಿಕದಲ್ಲಿ ಮುಖ್ಯ ದೀಪ ಕೆಟ್ಟು 30 ನಿಮಿಷದಲ್ಲಿ ಸರಿಹೋಗದಿದ್ದರೆ ಟವರ್‌ನ ಮಾಲೀಕರು ವಿಮಾನಯಾನ ಆಡಳಿತಕ್ಕೆ ತಕ್ಷಣ ತಿಳಿಸಬೇಕು, ಆಮೇಲೆ ನೋಟಾಮ್ ಅನ್ನುವ ಎಚ್ಚರಿಕೆ ಪೈಲಟ್‌ಗಳಿಗೆ ಹೋಗುತ್ತದೆ. ದಿನಾ ಮಿನುಗುತ್ತಿದ್ದ ದೀಪ ಆರಿದ್ದು ಕಂಡರೆ ನೀವೂ ಸುಮ್ಮನಿರಬೇಡಿ, ಟವರ್ ಬೇಲಿಯ ಬೋರ್ಡಿನಲ್ಲಿ ಫೋನ್ ನಂಬರ್ ಇದ್ದರೆ ಒಂದು ಕರೆ ಮಾಡಿ ಹೇಳಿ.