ಕೆರೆ ಬಿಟ್ಟು ಹೊರಟ ಗಂಟಿಗರು

ಪ್ರಶ್ನೆ: ನಾಲ್ಕು ವರ್ಷದಿಂದ ಗೆಳೆಯರಿಗೆ ನಾನೇ ಕಟ್ಟಿದ ಲೋಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತಿದ್ದೇನೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ನನ್ನ ಲೋಕ ಹಳೇ ಬೆಂಗಳೂರಿನಂಥ ಕೆರೆಗಳ ಊರು. ಅಲ್ಲಿ ‘ಗಂಟಿಗರು’ ಅಂತ ಒಂದು ರೇಸ್, ಅಂದರೆ ಪಾತ್ರಕ್ಕೆ ಆರಿಸಿಕೊಳ್ಳುವ ಜನಾಂಗ, ಇದೆ. ಒಬ್ಬೊಬ್ಬರೂ ಒಂದೊಂದು ಕೆರೆಗೆ ಸೇರಿದವರು. ಕೆರೆ ಬತ್ತಿದರೆ ಅವರ ಶಕ್ತಿಯೂ ಬತ್ತುತ್ತದೆ. ಇದನ್ನು ಯಾರ ಲೋಕಕ್ಕಾದರೂ ಹೊಂದುವ ಪುಸ್ತಕದಲ್ಲಿ ಹಾಕಬೇಕು. ಕೆರೆ, ಊರು, ಇತಿಹಾಸ ಎಲ್ಲ ತೆಗೆದುಬಿಡಲೇ?
– ಓದುಗರು, ಬಸವನಗುಡಿ

ಉತ್ತರ: ದಯವಿಟ್ಟು ಎಲ್ಲ ತೆಗೆಯಬೇಡಿ. ನಾನೊಮ್ಮೆ ಹಾಗೆ ಮಾಡಿದ್ದೆ.

ವಿಜಯನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಐದು ಜನ ಆಡುತ್ತೇವೆ. ಒಬ್ಬ ಹುಡುಗ ವಾರ್‌ಫೋರ್ಜ್ಡ್ ಪಾತ್ರ ಬೇಕು ಅಂದ. ಅವರು ಇದೇ ಆಟಕ್ಕೆ 2004ರಲ್ಲಿ ಬಂದ ಎಬೆರಾನ್ ಎಂಬ ಲೋಕದವರು. ಒಂದು ದೊಡ್ಡ ಯುದ್ಧಕ್ಕೆಂದೇ ಮಾಡಿದ ಜೀವವಿರುವ ಸೈನಿಕರು. ಯುದ್ಧ ಮುಗಿದಾಗ ಅವರಿಗೆ ಬಿಡುಗಡೆ ಸಿಕ್ಕಿತು, ಅವರನ್ನು ಹುಟ್ಟಿಸುವ ಕುಲುಮೆಗಳನ್ನು ನಿಲ್ಲಿಸಲು ಆಜ್ಞೆಯಾಯಿತು. ನಮ್ಮ ಲೋಕದಲ್ಲಿ ಆ ಯುದ್ಧವೇ ನಡೆದಿರಲಿಲ್ಲ. ಹಾಗಾಗಿ ನಾನು ಬರೀ ನಿಯಮ ತೆಗೆದುಕೊಂಡೆ. ರಕ್ಷಣೆಗೆ ಒಂದು ಅಂಕ ಜಾಸ್ತಿ. ಊಟ, ನೀರು, ಉಸಿರು ಬೇಡ. ನಿದ್ದೆಯ ಬದಲು ಆರು ಗಂಟೆ ಅಲ್ಲಾಡದೆ ಇದ್ದರೆ ಸಾಕು. ಮೂರನೇ ವಾರಕ್ಕೆ ಹುಡುಗ ದಾಳ ಉರುಳಿಸಿ ಫೋನ್ ನೋಡುತ್ತಾ ಕೂರತೊಡಗಿದ.

ನಾಲ್ಕನೇ ವಾರ ಕೇಳಿದೆ: ‘ನಿನ್ನನ್ನು ಯಾವ ಕೆಲಸಕ್ಕೆ ಮಾಡಿದ್ರು? ಆ ಕೆಲಸ ಈಗ ಇದೆಯಾ?’ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: ‘ಟಂಕಸಾಲೆ ಕಾಯೋಕೆ ಮಾಡಿದ್ರು. ಟಂಕಸಾಲೆ ಮುಚ್ಚಿಹೋಯ್ತು. ಬೀಗದಕೈ ಇನ್ನೂ ನನ್ನ ಹತ್ರಾನೇ ಇದೆ.’ ಆಮೇಲೆ ಅವನ ಕೈಗೆ ಫೋನ್ ಬರಲಿಲ್ಲ. ಯುದ್ಧ ಹೋದರೂ ಅದು ಬಿಟ್ಟುಹೋದ ಪ್ರಶ್ನೆ ಹಾಗೇ ಉಳಿದಿತ್ತು.

ನಿಮ್ಮ ಗಂಟಿಗರ ಪ್ರಶ್ನೆ ಯಾವುದು? ಹೆಸರೇ ಹೇಳುತ್ತಿದೆ, ಅಲ್ವಾ? ನಮ್ಮ ಹಳ್ಳಿಗಳ ನೀರಗಂಟಿ ತೂಬು ತೆಗೆದು, ಯಾವ ಗದ್ದೆಗೆ ಎಷ್ಟು ನೀರು ಅಂತ ಹಂಚುವವನು. ಎಲ್ಲರಿಗೂ ಅವನು ಬೇಕು, ನೀರು ಕಡಿಮೆಯಾದ ವರ್ಷ ಎಲ್ಲರ ಜಗಳವೂ ಅವನ ಜೊತೆಗೇ. ನೀವು ಉಳಿಸಿಕೊಳ್ಳಬೇಕಾದ್ದು ಇದು. ಮರಳುಗಾಡಿನ ಲೋಕದಲ್ಲಿ ಕೆರೆಯ ಜಾಗಕ್ಕೆ ಬಾವಿ ಬರಲಿ, ಹಡಗಿನಲ್ಲಿ ಕುಡಿಯುವ ನೀರಿನ ಪೀಪಾಯಿ. ‘ಎಲ್ಲರಿಗೂ ಬೇಕಾದ, ಎಲ್ಲರಿಗೂ ಸಾಲದ ಒಂದು ವಸ್ತು’ ಅಂತ ಬರೆದು, ಅದು ಏನು ಅನ್ನೋದನ್ನು ಆಡಿಸುವವರಿಗೆ ಬಿಡಿ. ನಿಮ್ಮ ಊರಿನ ಕಥೆಯನ್ನು ಪುಟದ ಬದಿಯ ಚೌಕದಲ್ಲಿ ಪೂರ್ತಿ ಹಾಕಿ. ಅದನ್ನು ಓದಿದ ಮೇಲೇ ಬೇರೆಯವರಿಗೆ ತಮ್ಮ ಬಾವಿ ಹೊಳೆಯೋದು.

ಸ್ವಭಾವವನ್ನು ಮಾತ್ರ ಹುಟ್ಟುಗುಣ ಮಾಡಬೇಡಿ. 1984ರ ಡ್ರ್ಯಾಗನ್‌ಲಾನ್ಸ್ ಲೋಕದ ಕೆಂಡರ್‌ಗಳು ಕುತೂಹಲಕ್ಕೆ ಸಿಕ್ಕಿದ್ದನ್ನೆಲ್ಲ ಜೇಬಿಗೆ ಹಾಕುವವರು. ಅವರ ಊರಿನಲ್ಲಿ ಅದಕ್ಕೆ ಅರ್ಥವಿದೆ. ಬೇರೆ ಕಡೆ ಅದು ಜೊತೆಯವರ ಚೀಲಕ್ಕೇ ಕೈಹಾಕುವ ಕಳ್ಳತನವಾಗುತ್ತದೆ. ರೂಪವನ್ನೂ ಒಂದೇ ಅಚ್ಚಿಗೆ ಹಾಕಬೇಡಿ. 1994ರ ಪ್ಲೇನ್‌ಸ್ಕೇಪ್ ಲೋಕದಲ್ಲಿ, ರಕ್ತದಲ್ಲಿ ರಾಕ್ಷಸರ ಅಂಶವಿರುವ ಟೀಫ್ಲಿಂಗ್ ಒಬ್ಬೊಬ್ಬರಿಗೂ ಬೇರೆ ಗುರುತಿತ್ತು. 2008ರಲ್ಲಿ ಮುಖ್ಯ ನಿಯಮಪುಸ್ತಕಕ್ಕೆ ಬಂದಾಗ ಎಲ್ಲರಿಗೂ ಕೊಂಬು, ಬಾಲ ಬಂತು. ಅದು ನನಗೆ ಇವತ್ತಿಗೂ ಬೇಸರ. ನಿಮ್ಮವರಲ್ಲಿ ಒಬ್ಬರ ಕೂದಲಲ್ಲಿ ಜೊಂಡು ಇರಲಿ, ಇನ್ನೊಬ್ಬರ ಅಂಗೈ ಬೇಸಿಗೆಯಲ್ಲಿ ಕೆರೆಯಂಗಳದ ಹಾಗೆ ಬಿರುಕು ಬಿಡಲಿ.

ಪುಸ್ತಕ ಮಾರುವುದಾದರೆ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಮೂಲದ ಹೆಸರು ಹೇಳಿ ಯಾರು ಬೇಕಾದರೂ ಬಳಸುವಂತೆ, ಬಿಟ್ಟ ಈ ಆಟದ 5.1 ಆವೃತ್ತಿಯ ನಿಯಮಗಳನ್ನು ಬಳಸಬಹುದು. ಅದರಲ್ಲಿ ಟೀಫ್ಲಿಂಗ್ ಇದ್ದಾರೆ, ವಾರ್‌ಫೋರ್ಜ್ಡ್ ಮತ್ತು ಕೆಂಡರ್ ಇಲ್ಲ.

ಕೊನೆಗೆ ಆ ಬತ್ತುವ ನಿಯಮ. ಅದನ್ನು ಬದಲಿಸಲೇಬೇಕು. ಗುಂಪು ದೂರದೇಶದಲ್ಲಿರುವಾಗ ಊರಿನ ಕೆರೆ ಬತ್ತಿದರೆ ಗಂಟಿಗರನ್ನು ಆಡುವವರಿಗೆ ಏನೂ ಉಳಿಯೋಲ್ಲ. ಕೆರೆ ಸತ್ತರೆ ಶಕ್ತಿ ಸಾಯದೆ ಬೇರೆ ರೂಪ ತಾಳಲಿ. ಧರ್ಮಾಂಬುಧಿ ಕೆರೆ ಇದ್ದ ಜಾಗ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಅಂಥ ಕೆರೆಯ ಗಂಟಿಗರ ಹೆಣ್ಣೊಬ್ಬಳು ಮಳೆಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದಾಳೆ ಅಂದುಕೊಳ್ಳಿ. ನೀರು ಎಲ್ಲಿಗೆ ಹೋಗಲು ನೋಡುತ್ತಿದೆ ಅಂತ ಆ ಜನಜಂಗುಳಿಯಲ್ಲಿ ಅವಳೊಬ್ಬಳಿಗೇ ಗೊತ್ತು. ಯಾವ ಲೋಕಕ್ಕೆ ಹೋದರೂ, ಮುಚ್ಚಿಹೋದ ನೀರಿನ ದಾರಿ ಅವಳ ಕಾಲಿಗೆ ತಿಳಿಯಲಿ.